ಸೋಮವಾರದ ಕಂಡಿಕೆ

ಸೋಮವಾರ ಸುತ್ತಿದ ನೂಲಿನ ಕಂಡಿಕೆ ಯಾವುದು, ಮಿಕ್ಕ ದಿನ ಸುತ್ತಿದ್ದು ಯಾವುದು ಎಂದು ಪಾತಣ್ಣ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದ. ಮಿಕ್ಕ ದಿನದ್ದು ಲಾಳಿಯೊಳಗೆ ಕೂತು ಸರಾಗವಾಗಿ ಎಳೆ ಬಿಟ್ಟುಕೊಡುತ್ತಿತ್ತು. ಸೋಮವಾರದ್ದು ನಾಲ್ಕು ಸಲ ಲಾಳಿ ಎಸೆಯುವಷ್ಟರಲ್ಲಿ ಪಟಕ್ಕನೆ ಕಿತ್ತುಹೋಗುತ್ತಿತ್ತು. ಸುತ್ತುತ್ತಿದ್ದವಳು ಅವನ ತಾಯಿ ತಿಪ್ಪಕ್ಕ. ಅರವತ್ತೈದು ದಾಟಿದ ಮುದುಕಿ, ಆದರೂ ರಾಟೆ ಮುಂದೆ ಕೂತರೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಸೋಮವಾರ ಮಾತ್ರ ಆ ಕೈ ನಡುಗುತ್ತಿತ್ತು. ಸೋಮವಾರ ಹೊತ್ತು ಮುಳುಗುವವರೆಗೆ ಅವಳು ಹಲ್ಲಿಗೆ ನೀರು ಸೋಕಿಸುತ್ತಿರಲಿಲ್ಲ. ಮುಳುಗಿದ ಮೇಲೂ ಒಂದು ಹಿಡಿ ಹುರಿಹಿಟ್ಟು, ಒಂದು ಚೊಂಬು ನೀರು, ಅಷ್ಟೇ. ಒಂದೆರಡು ವಾರವಲ್ಲ, ಮೂವತ್ತು ವರ್ಷ ಹೀಗೆ ನಡೆದಿತ್ತು.

ಯಾರಿಗಾಗಿ ಅಂತೀರಿ? ಪಾತಣ್ಣನಿಗಾಗಿ. ಅದೇ ಅವನ ಸಂಕಟ.

ಪರಿಧಾವಿ ಸಂವತ್ಸರದ ಮಾಘ ಮಾಸದ ಒಂದು ಸೋಮವಾರ ನಡುಹೊತ್ತಿಗೆ ಪಾತಣ್ಣ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಮದುವೆ ಸೀರೆಯೊಂದನ್ನು ನೇಯುತ್ತಿದ್ದ. ಪಕ್ಕದಲ್ಲಿ ಹದಿನೇಳು ವರ್ಷದ ಮಗ ಮಾರಣ್ಣ ಅಂಚಿನ ಲಾಳಿ ಹಿಡಿದಿದ್ದ. ಎಳೆ ಮೂರನೇ ಸಲ ಕಿತ್ತಿತು.

“ಈ ಕಂಡಿಕೆ ಬ್ಯಾಡ ಅಂದಿದ್ನಲ್ಲಪ್ಪ. ಇದು ಹೋದ ಸೋಮವಾರದ್ದು,” ಅಂದ ಮಾರಣ್ಣ.

“ಸುಮ್ನೆ ಗಂಟು ಹಾಕ್ಲೇ.”

“ಎಷ್ಟೂಂತ ಹಾಕ್ಲಿ? ಸೀರೆ ಉಟ್ಟೋಳಿಗೆ ಗಂಟೇ ಚುಚ್ತಾವೆ. ಸೋಮವಾರ ರಾಟೆ ಮುಟ್ಬ್ಯಾಡ ಅಂತ ಅಜ್ಜಿಗೆ ಹೇಳು.”

“ಧೈರ್ಯ ಇದ್ರೆ ನೀನೇ ಹೇಳು, ಹೋಗು.”

ಮಾರಣ್ಣ ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಲ್ಲಿ ರಾಟೆ ಉರುಳಿದ ಸದ್ದಾಯಿತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ತಿಪ್ಪಕ್ಕ ಗೋಡೆಗೆ ಒರಗಿ ಪಕ್ಕಕ್ಕೆ ವಾಲಿದ್ದಳು. ರೇಷ್ಮೆ ಎಳೆ ಇನ್ನೂ ಬೆರಳ ಸಂದಿಯಲ್ಲೇ ಇತ್ತು. ಅಡಿಗೆ ಮನೆಯಿಂದ ಸೊಸೆ ಈಶ್ವರಮ್ಮ ಚೊಂಬು ಹಿಡಿದು ಬಂದು ತುಟಿಗೆ ನೀರು ತಾಗಿಸಿದ್ದೇ ತಡ, ಮುದುಕಿ ಹಲ್ಲು ಕಚ್ಚಿ ಮುಖ ಆಚೆ ತಿರುಗಿಸಿದಳು. ಎಚ್ಚರ ಅರ್ಧ ಬಂದಿತ್ತು, ಹಟ ಪೂರ್ತಿ ಬಂದಿತ್ತು.

“ಅತ್ತೆ, ಒಂದು ಗುಟುಕು ಕುಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಹೊತ್ತು ಮುಳುಗ್ಲಿ.”

“ಮುಳುಗೋ ಹೊತ್ತಿಗೆ ನೀವಿರ್ತೀರಾ?”

“ಇಲ್ದಿದ್ರೆ ಆವಾಗ ಬಾಯಿಗೆ ನೀರು ಬಿಡು. ಬ್ಯಾಡ ಅನ್ನಲ್ಲ.”

ಮದ್ದು ಕೊಡುವ ಬಸವಲಿಂಗಮ್ಮನನ್ನು ಪಕ್ಕದ ಬೀದಿಯಿಂದ ಕರೆಸಿದರು. ಅವಳು ನಾಡಿ ಹಿಡಿದು, ಕಣ್ಣು ಅಗಲಿಸಿ ನೋಡಿ, ಪಾತಣ್ಣನನ್ನು ಹಿತ್ತಿಲಿಗೆ ಕರೆದೊಯ್ದಳು. “ನೋಡಪ್ಪ, ಮುಚ್ಚುಮರೆ ಏನಿಲ್ಲ. ಈ ಉಪಾಸ ಬಿಡಿಸು. ಬಿಡಿಸ್ದಿದ್ರೆ ಈ ಯುಗಾದಿ ಬೇವುಬೆಲ್ಲ ನಿಮ್ಮವ್ವ ತಿನ್ನೋದು ನಾನಂತೂ ಕಾಣೆ,” ಅಂದಳು.

ಪಾತಣ್ಣ ಒಳಗೆ ಬಂದು ತಾಯಿಯ ಕಾಲ ಬಳಿ ಕೂತ. “ಬಿಟ್ಬಿಡವ್ವ ಇನ್ನ. ನನಗೂ ನಲವತ್ತಾಯ್ತು.”

“ನಲವತ್ತಾದ್ರೆ ನಾಲಿಗೆ ಬದಲಾಗ್ತದಾ ನಾಯನಾ?” ಎಂದಳು ತಿಪ್ಪಕ್ಕ. ಆ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತಿದ್ದವು. ಅವಳಿಗೆ ಅಕ್ಕರೆ ಉಕ್ಕಿದರೆ ಮಗ ‘ನಾಯನಾ’ ಆಗುತ್ತಿದ್ದ. “ಆ ಪಾಪಿ ಹುಡುಗ ಬಲವಂತ ಮಾಡಿ ಸುರಿದಿದ್ದು ನಿನ್ನ ನಾಲಿಗೆ ಮ್ಯಾಲೈತೆ. ನನ್ನ ನಾಲಿಗೆ ಒಣಗಿಸಿ ಅದನ್ನ ಕಳೀತೀನಿ ಅಂತ ನುಂಕೆಮಲೆ ಸಿದ್ದಪ್ಪ ದೇವ್ರ ಮುಂದೆ ಅಂದಿದೀನಿ. ನೀನ್ಯಾಕೆ ಕಣ್ಣಾಗೆ ನೀರು ಹಾಕ್ತೀಯ? ನೀನೇನು ತಪ್ಪು ಮಾಡಿದ್ಯಾ?”

ಅವನು ಎದ್ದು ಮಗ್ಗಕ್ಕೆ ಹೋಗಿ ಕೂತ. ಆ ದಿನ ಮತ್ತೆ ಒಂದು ಗೇಣೂ ನೇಯಲಾಗಲಿಲ್ಲ.

ತಪ್ಪು ಮಾಡಿದವನು ಅವನೇ ಆಗಿದ್ದ. ಮೂವತ್ತು ವರ್ಷದ ಹಿಂದೆ ಈ ಮನೆಯವರು ಇದ್ದದ್ದು ಚಳ್ಳಕೆರೆಯಲ್ಲಿ. ಧಾತು ಸಂವತ್ಸರದ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಹಾಕಿಕೊಂಡು ಅಲ್ಲೊಬ್ಬ ಪಾದ್ರಿ ಸ್ಕೂಲು ನಡೆಸುತ್ತಿದ್ದ. ನಾಲ್ಕಕ್ಷರ ಬರಲಿ ಎಂದು ಊರಿನವರೂ ಗಂಡುಮಕ್ಕಳನ್ನು ಕಳಿಸುತ್ತಿದ್ದರು. ಪಾಠಕ್ಕೆ ಎಲ್ಲರೂ ಒಂದೇ ಜಗಲಿ. ನಡುಹೊತ್ತಿಗೆ ಮಾತ್ರ ಊರಿನ ಮಕ್ಕಳು ಮನೆಗೆ ಓಡಬೇಕು, ಅನಾಥ ಮಕ್ಕಳಿಗೆ ಅಲ್ಲೇ ನವಣೆ ಗಂಜಿ. ಆ ವರ್ಷ ನೇಕಾರರಿಗೆ ಕೆಲಸವಿರಲಿಲ್ಲ. ಒಂಬತ್ತು ವರ್ಷದ ಪಾತ ಮನೆಗೆ ಓಡಿದರೂ ಒಲೆ ಹೊತ್ತಿರುತ್ತಿರಲಿಲ್ಲ. ಅವನು ಗಂಜಿ ಹೊತ್ತಿಗೆ ಅಡಿಗೆಮನೆಯ ಹಿಂದೆ ಹೋಗಿ ನಿಲ್ಲತೊಡಗಿದ.

ಅನಾಥ ಮಕ್ಕಳಲ್ಲಿ ಚೌರಪ್ಪ ಎಂಬವನಿದ್ದ. ಹನ್ನೆರಡು ವರ್ಷ, ಓದಿನಲ್ಲಿ ಎಲ್ಲರಿಗಿಂತ ಮುಂದು. ಮುಂದೆ ಇವನೇ ಮೇಷ್ಟ್ರಾಗುತ್ತಾನೆ ಎಂದು ಪಾದ್ರಿಯೇ ಹೇಳುತ್ತಿದ್ದ. ಪಾತ ಅವನನ್ನು ಕೇಳಿದ: “ನಂಗೂ ಒಂದಿಷ್ಟು ಕೊಡೋ.” ಚೌರ, “ಬ್ಯಾಡ ಕಣೋ, ನಿಮ್ಮೋರು ಹೊಡೀತಾರೆ,” ಎಂದ. ಎರಡನೇ ದಿನ ಕೇಳಿದ, ಮೂರನೇ ದಿನವೂ ಕೇಳಿದ. ನಾಲ್ಕನೇ ದಿನ ಚೌರ ತನ್ನ ಬಟ್ಟಲಿನ ಅರ್ಧ ಕೊಟ್ಟ. ಆಮೇಲೆ ಒಂದೂವರೆ ತಿಂಗಳು ದಿನಾ ಕೊಟ್ಟ.

ಒಂದು ಸಂಜೆ ತಿಪ್ಪಕ್ಕ ಮಗನ ಕುತ್ತಿಗೆಯಲ್ಲಿ ಒಣಗಿದ ಗಂಜಿಯ ಕಲೆ ಕಂಡಳು. ನೇಕಾರರ ಮನೆಯಲ್ಲಿ ಅದೇನು ದೊಡ್ಡ ವಿಷಯವಲ್ಲ. ಬೀದಿಯಲ್ಲಿ ಮಗ್ಗದ ಹಾಸಿನ ಎಳೆ ಹರಡಿ ಗಂಜಿ ತಿಕ್ಕುವಾಗ ಮಕ್ಕಳ ಮೈಗೆಲ್ಲ ಮೆತ್ತುತ್ತದೆ. ಆದರೆ ಆವತ್ತು ಬೀದಿಯಲ್ಲಿ ಯಾರ ಹಾಸೂ ಇರಲಿಲ್ಲ. ಕೆಲಸವೇ ಇಲ್ಲದ ಮೇಲೆ ಹಾಸು ಎಲ್ಲಿಂದ ಬರಬೇಕು? ಅಪ್ಪ ಕೋಲು ತೆಗೆದುಕೊಂಡ. ತಿಪ್ಪಕ್ಕ ನಡುವೆ ಬಿದ್ದು, “ಯಾರಾದ್ರೂ ಬಲವಂತ ಮಾಡಿ ಕುಡಿಸಿದ್ರೇನೋ ನಾಯನಾ? ಹೇಳೋ, ಬಲವಂತ ಮಾಡಿದ್ರಾ?” ಎಂದಳು. ಹುಡುಗ ಕೋಲನ್ನು ನೋಡಿ ಹೂಂ ಎಂದ. “ಯಾರು?” ಎಂದರು. “ಚೌರ,” ಎಂದ.

ಪಾದ್ರಿಯ ಅಡಿಗೆಮನೆಯಲ್ಲಿ ಬೆಂದದ್ದನ್ನು ತಾನಾಗಿ ಕುಡಿದಿದ್ದರೆ ಮನೆಮಂದಿಯನ್ನೆಲ್ಲ ಕುಲದಿಂದ ಹೊರಗಿಡುತ್ತಿದ್ದರು. ಬಲವಂತ ಎಂದಿದ್ದಕ್ಕೆ ಜರಿ ಎಳೆ ಕಾಯಿಸಿ ನಾಲಿಗೆಗೆ ಮುಟ್ಟಿಸಿ ಶುದ್ಧಿ ಮಾಡಿ ಬಿಟ್ಟರು. ಬೀದಿಯ ಗಂಡಸರು ದೊಣ್ಣೆ ಹಿಡಿದು ಸ್ಕೂಲಿಗೆ ಹೋಗಿ ಚೌರನನ್ನು ಹಣ್ಣುಗಾಯಿ ಮಾಡಿದರು. ಊರಿನ ಕೋಪ ಇಳಿಸಲು ಪಾದ್ರಿ ಅವನನ್ನು ಓದಿನಿಂದ ಬಿಡಿಸಿ ಅಡಿಗೆಮನೆಗೆ ಹಾಕಿದ. ಪಾತನ ಅಪ್ಪ ಮಗ್ಗ ಬಿಚ್ಚಿಕೊಂಡು ಹೆಂಡತಿಯ ತವರಾದ ಮೊಳಕಾಲ್ಮೂರಿಗೆ ಬಂದ. ಮುಂದಿನ ಸೋಮವಾರದಿಂದ ತಿಪ್ಪಕ್ಕನ ಹರಕೆ ಶುರುವಾಯಿತು.

ಇಷ್ಟಕ್ಕೇ ಮುಗಿದಿದ್ದರೂ ಹೇಗೋ ಆಗುತ್ತಿತ್ತು. ಪಾತಣ್ಣ ಈಗ ಕುಲದ ಪಂಚಾಯ್ತಿಯಲ್ಲಿ ಕೂರುವ ದೊಡ್ಡ ಮನುಷ್ಯ. ಹೋದ ವರ್ಷ ಬೀದಿಯ ಹುಡುಗನೊಬ್ಬ ಬಳ್ಳಾರಿ ದಂಡಿನ ಹೋಟೆಲಿನಲ್ಲಿ ಚಹಾ ಕುಡಿದು ಬಂದನೆಂದು, ಅವನ ನಾಲಿಗೆಗೆ ಜರಿ ಎಳೆ ಮುಟ್ಟಿಸಿದಾಗ ಹುಡುಗನನ್ನು ಅಲುಗದಂತೆ ಹಿಡಿದುಕೊಂಡಿದ್ದು ಇವನ ಕೈಯೇ.

ತಾಯಿ ಬಿದ್ದ ವಾರದಲ್ಲೇ ಚಳ್ಳಕೆರೆಯಿಂದ ದೊಡ್ಡೀರಪ್ಪ ಬಂದ. ಪಾದ್ರಿ ಸ್ಕೂಲಿನಲ್ಲಿ ಪಾತಣ್ಣನ ಪಕ್ಕ ಕೂರುತ್ತಿದ್ದವನು, ಈಗ ಕಂಬಳಿ ವ್ಯಾಪಾರಿ. ಮಗಳ ಮದುವೆಗೆ ಸೀರೆ ನೇಯಲು ಹೇಳಿದ್ದವನೂ ಅವನೇ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಈಶ್ವರಮ್ಮ ಬಾಳೆಹಣ್ಣು, ಕಾಯಿಸದ ಹಾಲು ತಂದಿಟ್ಟಳು. ಬೇರೆ ಮನೆಯ ಬೇಯಿಸಿದ್ದನ್ನು ಅವನು ಮುಟ್ಟುತ್ತಿರಲಿಲ್ಲ, ಅದು ಎರಡು ಮನೆಗೂ ಗೊತ್ತಿದ್ದ ಮಾತು.

“ಲೇ ಪಾತ, ನಮ್ಮ ಪಾದ್ರಿ ಸ್ಕೂಲು ಮುಚ್ತಾರಂತೆ ಕಣೋ,” ಎಂದ ದೊಡ್ಡೀರಪ್ಪ ಹಣ್ಣು ಸುಲಿಯುತ್ತ. “ಮುಂದಿನ ಶನಿವಾರ ಕಡೇ ದಿನ. ಹಳೇ ಹುಡುಗ್ರೆಲ್ಲ ಬಂದು ಹೋಗ್ರಪ್ಪ ಅಂತ ಈಗಿನ ಪಾದ್ರಿಸಾಮಿ ಹೇಳಿಕಳಿಸವ್ರೆ. ಗಾಡಿ ಕಳಿಸ್ತೀನಿ, ಬಾ. ನಮ್ಮ ಮೇಷ್ಟ್ರು ತೀರಿಕೊಂಡ್ರು. ಆ ಚೌರ ಅವ್ನೆ ನೋಡು, ಇನ್ನೂ ಅದೇ ಅಡಿಗೆ ಮನ್ಯಾಗೆ ಹೊಗೆ ಕುಡೀತಾ ಅವ್ನೆ.”

ಪಡಸಾಲೆಯಿಂದ ರಾಟೆ ನಿಂತ ಸದ್ದು ಕೇಳಿಸಿತು. “ಆ ಹೆಸರು ಈ ಮನ್ಯಾಗೆ ಎತ್ಬ್ಯಾಡಪ್ಪ ದೊಡ್ಡೀರಪ್ಪ,” ಎಂದಳು ತಿಪ್ಪಕ್ಕ. “ಇವ್ನೂ ಆ ಹೊಸ್ತಿಲು ತುಳಿಯೋದು ಬ್ಯಾಡ.”

“ಹಳೇ ಕತೆ ಬಿಡವ್ವ. ಹುಡುಗಾಟದಾಗೆ ಏನೋ ಆಯ್ತು.”

“ಹುಡುಗಾಟ ನಿಮ್ಗೆ. ಸೋಮವಾರ ನನಗೆ.”

ದೊಡ್ಡೀರಪ್ಪ ಹಾಲು ಕುಡಿದು ಮೆಲ್ಲಗೆ ಜಾಗ ಖಾಲಿ ಮಾಡಿದ.

ಆ ರಾತ್ರಿ ಊಟದಲ್ಲಿ ಪಾತಣ್ಣ ಮುದ್ದೆ ಮುರಿಯದೆ ಕೂತಿದ್ದ. ಅವನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಒಳ್ಳೆಯ ಉಪಾಯವೇನಲ್ಲ. ಅದು ಅವನಿಗೂ ಗೊತ್ತಿತ್ತು, ಆದರೂ ಬಿಡಲಾಗಲಿಲ್ಲ.

“ಅವ್ವ, ಆ ಚೌರ ತಾನೇ ತಪ್ಪಾಯ್ತು ಅಂದ್ರೆ ಹರಕೆ ಬಿಡ್ತೀಯಾ?”

ತಿಪ್ಪಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. “ಅವನ ಬಾಯಿಂದ ಆ ಮಾತು ಬಂದ್ರೆ ಪಾಪ ಅವನ ಕಡೆ ಹೋಯ್ತು ಅಂತ. ಸಿದ್ದಪ್ಪನಿಗೆ ಕಾಯಿ ಒಡೆದು ಬಿಡ್ತೀನಿ. ಆದ್ರೆ ಮೂವತ್ತು ವರ್ಷ ಅನ್ನದೋನು ಈಗ ಅಂತಾನಾ?”

“ಅನ್ನಿಸ್ತೀನಿ.”

“ಹೆಂಗೆ ಅನ್ನಿಸ್ತೀಯಪ್ಪ?” ಎಂದು ಮಾರಣ್ಣ ನಕ್ಕ. “ಅವನಿಗೂ ಬಲವಂತ ಮಾಡ್ತೀಯಾ?”

“ದೊಡ್ಡೋರ ಮಾತಿನಾಗೆ ಬಾಯಿ ಹಾಕ್ಬ್ಯಾಡ್ಲೇ!” ಎಂದು ಪಾತಣ್ಣ ಎಷ್ಟು ಜೋರಾಗಿ ಗದರಿದನೆಂದರೆ ಈಶ್ವರಮ್ಮನ ಕೈಯಿಂದ ಸಾರಿನ ಸೌಟು ಜಾರಿತು. ಹುಡುಗನ ಮಾತು ಗುರಿ ನೋಡಿ ಹೊಡೆದ ಹಾಗೆ ತಾಗಿತ್ತು.

ಮುಂದಿನ ಸೋಮವಾರ ತಿಪ್ಪಕ್ಕ ರಾಟೆವರೆಗೂ ಬರಲಾರದೆ ಹಾಸಿಗೆಯಲ್ಲೇ ಉಳಿದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಈಶ್ವರಮ್ಮ ಗಂಡನನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು.

“ನೋಡ್ರಿ, ಹೋಗೋರು ಹೋಗಿ ಬರ್ರಿ. ಆ ಮನುಷ್ಯನ ಕಾಲಾದ್ರೂ ಹಿಡೀರಿ, ಕೈಯಾದ್ರೂ ಹಿಡೀರಿ. ಇನ್ನೆಷ್ಟು ಸೋಮವಾರ ತಡೀತಾರೆ ಇವ್ರು?”

“ಈಶ್ವರಿ, ಅಲ್ಲಿ ನಡೆದದ್ದು...” ಎಂದು ಪಾತಣ್ಣ ಶುರು ಮಾಡಿದ. ಹೆಂಡತಿ ಕೊಡ ಇಳಿಸಿ ಮುಖ ನೋಡಿದಳು. ಮಾತು ಅಷ್ಟಕ್ಕೇ ನಿಂತಿತು. “ಏನಿಲ್ಲ. ಹೋಗಿ ಬರ್ತೀನಿ,” ಎಂದ.

ಶುಕ್ರವಾರ ಬೆಳಗಿನ ಜಾವ ಗಾಡಿ ಹತ್ತಿದ. ಗಂಟಿನಲ್ಲಿ ತಾನೇ ನೇಯ್ದ ರೇಷ್ಮೆ ಶಲ್ಯ ಇಟ್ಟುಕೊಂಡಿದ್ದ. ಅದು ಚೌರಪ್ಪನಿಗೆ. ಶಲ್ಯ ಕೊಟ್ಟು, ಕಾಲು ಹಿಡಿದು, ಮಾಡದ ತಪ್ಪನ್ನು ಒಪ್ಪಿಕೋ ಎಂದು ಕೇಳುವುದು ಅವನ ಲೆಕ್ಕಾಚಾರ. ಕೊಂಡ್ಲಹಳ್ಳಿ ದಾಟುವವರೆಗೆ ಹೇಗೆ ಕೇಳಬೇಕೆಂದು ಮಾತು ಜೋಡಿಸಿದ. ತಳಕು ಊರಿನ ಹತ್ತಿರ ಅವೆಲ್ಲ ಮರೆತುಹೋಗಿ, ಚೌರ ಗಂಜಿಯನ್ನು ಅರ್ಧ ಮಾಡುವಾಗ ಗಟ್ಟಿಯಾದದ್ದನ್ನು ಪಾತನ ಕಡೆಗೇ ತಳ್ಳುತ್ತಿದ್ದದ್ದು ಒಂದೇ ನೆನಪಾಗತೊಡಗಿತು. ಥೂ, ನಾನೂ ಒಬ್ಬ ಮನುಷ್ಯನಾ ಎನಿಸಿತು. ಆದರೂ ಗಾಡಿ ತಿರುಗಿಸು ಎನ್ನಲಿಲ್ಲ, ಮನೆಯಲ್ಲಿ ಅವ್ವ ಮಲಗಿದ್ದಳು.

ಸ್ಕೂಲು ಇದ್ದ ಹಾಗೇ ಇತ್ತು. ಕಲ್ಲಿನ ಕಂಬದ ಜಗಲಿ, ಮಣ್ಣಿನ ಮಾಳಿಗೆ, ಮುಂದೆ ಬೇವಿನ ಮರ, ಆಚೆಗೆ ಸುಣ್ಣ ಬಳಿದ ಶಿಲುಬೆ. ಪಾತಣ್ಣನಿಗೆ ಕಂಬಗಳು ಯಾಕೋ ಗಿಡ್ಡವಾಗಿ ಕಂಡವು. ಹಳೆಯ ಹುಡುಗರು ಏಳೆಂಟು ಮಂದಿ ಬಂದಿದ್ದರು, ಎಲ್ಲರಿಗೂ ಮೀಸೆ ನರೆತಿತ್ತು. ದೊಡ್ಡೀರಪ್ಪ ತಾನು ಕೂರುತ್ತಿದ್ದ ಜಾಗ ಹುಡುಕಿ ಅಲ್ಲೇ ಕೂತು, ಹೊಟ್ಟೆ ಅಡ್ಡ ಬಂದು ಮತ್ತೆ ಏಳಲಾರದೆ ಎಲ್ಲರನ್ನೂ ನಗಿಸಿದ. ಪಾದ್ರಿ ತನ್ನ ಮುರುಕು ಕನ್ನಡದಲ್ಲಿ ಒಬ್ಬೊಬ್ಬರ ಹೆಸರೂ ಕೇಳಿ, ಇನ್ನು ಈ ಮಕ್ಕಳನ್ನು ದೂರದ ಬೇರೆ ಮಠಕ್ಕೆ ಕಳಿಸುತ್ತೇವೆ ಎಂದ.

ಪಾತಣ್ಣ ಗಂಟು ಕಂಕುಳಲ್ಲಿಟ್ಟುಕೊಂಡು ಅಡಿಗೆಮನೆಯ ಹಿಂದಕ್ಕೆ ಹೋದ. ಚೌರಪ್ಪ ಹಂಡೆ ಇಳಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಹೊಗೆಗೆ ಕಣ್ಣು ಕೆಂಪಾಗಿತ್ತು. ಒಂದು ನೋಟಕ್ಕೇ ಗುರುತು ಹಿಡಿದ. ಹಿಡಿದವನೇ ಮೂರು ಹೆಜ್ಜೆ ಹಿಂದೆ ಸರಿದು ನಿಂತ.

“ಚೌರಪ್ಪ, ನಿನ್ನ ಹತ್ರ ಒಂದು ಮಾತು...”

“ಮಕ್ಕಳ ಊಟ ಆಗ್ಲಿ ಅಣ್ಣೋರೇ. ನಿಮಗೆಲ್ಲ ಜಗಲಿ ಮ್ಯಾಲೆ ಎಲೆ ಹಾಕಿದೀನಿ. ಬಾಳೆಹಣ್ಣು, ಬೆಲ್ಲ, ಹಸಿ ಕಡಲೆಕಾಯಿ. ಬೇಯಿಸಿದ್ದು ಒಂದೂ ಇಲ್ಲ. ಹೆದರ್ಬ್ಯಾಡ್ರಿ.”

ಆ ‘ಅಣ್ಣೋರೇ’ ಕೇಳಿ ಪಾತಣ್ಣ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ಬಂದು ಎಲೆಯ ಮುಂದೆ ಕೂತ.

ಅಂಗಳದಲ್ಲಿ ಮಕ್ಕಳು ತಗಡಿನ ಬಟ್ಟಲು ಹಿಡಿದು ಸಾಲಾಗಿ ನಿಂತರು. ಮೊದಲನೆಯ ಹುಡುಗ ಬಟ್ಟಲು ನೀಡಿದ. ಚೌರಪ್ಪ ಸೌಟು ಎತ್ತಿದವನು ಸುರಿಯದೆ ನಿಂತ. ಹುಡುಗ ಗಟ್ಟಿಯಾಗಿ ಅಂದ: “ನಾನೇ ಕೇಳ್ದೆ. ಯಾರೂ ಬಲವಂತ ಮಾಡ್ಲಿಲ್ಲ.” ಸೌಟು ಬಗ್ಗಿತು. ಎರಡನೆಯವನೂ ಅದೇ ಅಂದ, ಮೂರನೆಯವನೂ ಅದೇ. ಸೊಂಟದೆತ್ತರದ ಒಂದು ಹುಡುಗಿ ಏನೋ ಗೊಣಗಿದಳು. “ಕೇಳಿಸ್ಲಿಲ್ಲ,” ಎಂದ ಚೌರಪ್ಪ. ಅವಳು ಕತ್ತಿನ ನರ ಉಬ್ಬಿಸಿ, “ನಾನೇ ಕೇಳ್ದೆ! ಯಾರೂ ಬಲವಂತ ಮಾಡ್ಲಿಲ್ಲ!” ಎಂದು ಕೂಗಿದಳು.

“ಇದೇನೇ ಮರಿ, ಇದು ನಿಮ್ಮ ಪ್ರಾರ್ಥನೇನಾ?” ಎಂದು ದೊಡ್ಡೀರಪ್ಪ ನಕ್ಕ.

“ಮೊದ್ಲಿಂದ್ಲೂ ಹಿಂಗೇ,” ಎಂದಳು ಹುಡುಗಿ. “ಹೇಳ್ದೆ ಇದ್ರೆ ಚೌರಣ್ಣ ಹಾಕಂಗಿಲ್ಲ. ಎಷ್ಟು ಅತ್ರೂ ಹಾಕಂಗಿಲ್ಲ.”

ಜಗಲಿಯ ಮೇಲೆ ಎಲ್ಲರೂ ನಕ್ಕರು. ಪಾತಣ್ಣನ ಕೈಯಲ್ಲಿ ಬೆಲ್ಲದ ಚೂರು ಹಾಗೇ ಉಳಿಯಿತು. ತಾನು ಒಂದು ದಿನ ಕೋಲಿಗೆ ಹೆದರಿ ಆಡಿದ ಸುಳ್ಳಿಗೆ ಈ ಮನುಷ್ಯ ಮೂವತ್ತು ವರ್ಷದಿಂದ, ಹಸಿದ ಪ್ರತಿಯೊಂದು ಮಗುವಿನ ಬಾಯಲ್ಲಿ ಸಾಕ್ಷಿ ಹೇಳಿಸಿಕೊಂಡು ಗಂಜಿ ಹಾಕುತ್ತಿದ್ದಾನೆ. ನಾನೋ, ಶಲ್ಯ ಕೊಟ್ಟು ಇವನಿಂದ ಇನ್ನೊಂದು ಸುಳ್ಳು ಹೇಳಿಸಲು ಬಂದಿದ್ದೇನೆ.

ಅವನು ಎದ್ದ. ಗಂಟನ್ನು ಕಂಬದ ಬುಡದಲ್ಲಿ ಇಟ್ಟು, ಅಂಗಳಕ್ಕೆ ಇಳಿದು, ಮೂಲೆಯಲ್ಲಿದ್ದ ಬಟ್ಟಲು ತೆಗೆದುಕೊಂಡು ಸಾಲಿನ ಕೊನೆಯಲ್ಲಿ ನಿಂತ.

“ಲೇ ಪಾತ, ಏನೋ ಇದು!” ಎಂದು ದೊಡ್ಡೀರಪ್ಪ ಕೂಗಿದ. “ತಲೆಗಿಲೆ ಕೆಟ್ಟೈತಾ? ಬಾರೋ ಇಲ್ಲಿ!”

ಸಾಲು ಕರಗಿ ಅವನ ಸರದಿ ಬಂತು. ಬಟ್ಟಲು ನೀಡಿ, “ನಾನೇ ಕೇಳ್ದೆ,” ಎಂದ. ಅದು ಆ ಹುಡುಗಿಯ ಗೊಣಗಿನಷ್ಟೇ ಸಣ್ಣಗಿತ್ತು.

“ಕೇಳಿಸ್ಲಿಲ್ಲ,” ಎಂದ ಚೌರಪ್ಪ. ಮುಖದಲ್ಲಿ ಏನೂ ಇರಲಿಲ್ಲ.

“ನಾನೇ ಕೇಳ್ದೆ!” ಪಾತಣ್ಣ ಜಗಲಿಯ ಕಡೆ ತಿರುಗಿ ಕೂಗಿದ. “ಎಲ್ಲ ಕೇಳ್ರಪ್ಪ. ಮೂವತ್ತು ವರ್ಷದ ಹಿಂದೂ ನಾನೇ ಕೇಳಿದ್ದು. ಚೌರಪ್ಪ ಬ್ಯಾಡ ಅಂದ. ನಾನು ಬಿಡ್ಲಿಲ್ಲ. ಅವನು ತನ್ನ ಪಾಲಿನ ಅರ್ಧ ಕೊಟ್ಟ, ಒಂದೂವರೆ ತಿಂಗಳು ಕೊಟ್ಟ. ಬಲವಂತ ಮಾಡಿದ ಅಂತ ನಾನು ಸುಳ್ಳು ಹೇಳ್ದೆ. ಅವನಿಗೆ ಬಿದ್ದ ಏಟೆಲ್ಲ ನನಗೆ ಬೀಳ್ಬೇಕಾಗಿತ್ತು.”

ಚೌರಪ್ಪ ಹಂಡೆಯ ತಳ ಕೆದಕಿ ಗಟ್ಟಿ ಗಂಜಿ ಒಂದು ಸೌಟು ಹಾಕಿದ.

“ಮೂರು ದಿನ ಕೇಳಿದ್ದೆ ನೀನು,” ಎಂದ. ಈಗ ‘ಅಣ್ಣೋರೇ’ ಹೋಗಿ ‘ನೀನು’ ಬಂದಿತ್ತು. “ನಾಲ್ಕನೇ ದಿನಾನೂ ಬ್ಯಾಡ ಅಂದಿದ್ರೆ ನಾನು ಇವತ್ತು ಮೇಷ್ಟ್ರಾಗಿರ್ತಿದ್ದೆ. ಎಷ್ಟೋ ಸಲ ಹಂಗಂತ ಅಂದ್ಕೊಂಡಿದೀನಿ.”

“ತಪ್ಪಾಯ್ತು ಚೌರಪ್ಪ.”

“ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೇಳು ಹೋಗು. ಕುಡಿ, ಆರಿಹೋಗ್ತದೆ.”

ಪಾತಣ್ಣ ನಿಂತಲ್ಲೇ ಕುಡಿದ. ನವಣೆ, ಉಪ್ಪು, ಒಂದು ಹಸಿಮೆಣಸಿನಕಾಯಿ. ರುಚಿ ಹಾಗೇ ಇತ್ತು. ಕಣ್ಣೀರು ಬಟ್ಟಲಿಗೆ ಇಳಿಯುತ್ತಿದ್ದರೂ ಕೊನೆಯ ಗುಟುಕಿನವರೆಗೆ ಕುಡಿದ. ಚೌರಪ್ಪ ಅಷ್ಟರಲ್ಲಿ ಹಂಡೆ ತೊಳೆಯಲು ಹೋಗಿಬಿಟ್ಟಿದ್ದ.

ಸಂಜೆ ದೊಡ್ಡೀರಪ್ಪ ಗಾಡಿಯವರೆಗೆ ಬಂದ, ಆದರೆ ಎರಡು ಮಾರು ದೂರವೇ ನಿಂತ. “ನಾನೇನು ಯಾರಿಗೂ ಹೇಳಲ್ಲಪ್ಪ. ಆದ್ರೆ ಆ ಸೀರೆ... ಇನ್ನೊಂದು ಕಡೆ ವಿಚಾರಿಸ್ತೀನಿ. ಮದುವೆ ಮನೆ ನೋಡು,” ಎಂದ.

“ವಿಚಾರಿಸು. ನಾನೇ ಎಲ್ರಿಗೂ ಹೇಳ್ತೀನಿ,” ಎಂದ ಪಾತಣ್ಣ.

ಹೇಳುತ್ತೇನೆ ಎಂದಷ್ಟು ಸುಲಭವಾಗಿ ಹೇಳಲು ಬಾಯಿ ಬರಲಿಲ್ಲ. ಭಾನುವಾರ ಸಂಜೆ ಮನೆಗೆ ಬಂದಾಗ ತಿಪ್ಪಕ್ಕ ಹಾಸಿಗೆಯಿಂದಲೇ ತಲೆ ಎತ್ತಿ, “ಅಂದ್ನಾ?” ಎಂದು ಕೇಳಿದಳು. ಅವನು, “ನಾಳೆ ಹೇಳ್ತೀನವ್ವ,” ಎಂದು ಕೈಕಾಲು ತೊಳೆಯಲು ಹೋದ. ಹೂಂ ಎಂದುಬಿಟ್ಟಿದ್ದರೆ ಆ ಘಳಿಗೆಯಲ್ಲೇ ಎಲ್ಲ ಮುಗಿಯುತ್ತಿತ್ತು. ಆ ಹೂಂ ನಾಲಿಗೆಯ ತುದಿಯವರೆಗೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಮುದುಕಿ ಗೋಡೆ ಹಿಡಿದುಕೊಂಡು ರಾಟೆಗೆ ಬಂದು ಕೂತಳು. ಯಾರು ಬೇಡ ಎಂದರೂ ಕೇಳಲಿಲ್ಲ. ಎಳೆ ಕಿತ್ತಿತು, ತುಟಿಯ ಒಣ ಸಿಪ್ಪೆ ಕಚ್ಚಿಕೊಂಡು ಗಂಟು ಹಾಕಿದಳು. ಮತ್ತೆ ಕಿತ್ತಿತು. ಪಾತಣ್ಣ ಮಗ್ಗದಿಂದ ಎದ್ದು ಬಂದು ಅವಳ ಮುಂದೆ ನೆಲದ ಮೇಲೆ ಕೂತ. ಹೆಂಡತಿಯನ್ನೂ ಮಗನನ್ನೂ ಕರೆದ.

“ಅವ್ವ, ಚೌರಪ್ಪ ತಪ್ಪಾಯ್ತು ಅನ್ನಲಿಲ್ಲ. ಅನ್ನೋ ತಪ್ಪು ಅವನು ಮಾಡೇ ಇಲ್ಲ. ನಾನೇ ಕೇಳಿ ಕುಡಿದಿದ್ದು. ಒಂದು ದಿನ ಅಲ್ಲ, ಒಂದೂವರೆ ತಿಂಗಳು. ಮೊನ್ನೆ ಶನಿವಾರನೂ ಕುಡಿದು ಬಂದೆ.”

ಈಶ್ವರಮ್ಮ ಬಾಯಿಗೆ ಸೆರಗು ಹಿಡಿದಳು. ಮಾರಣ್ಣ ಅಪ್ಪನನ್ನು ಹೊಸಬನನ್ನು ನೋಡುವಂತೆ ನೋಡಿದ. ತಿಪ್ಪಕ್ಕ ರಾಟೆ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಂಡಿಕೆ ತುಂಬುವವರೆಗೆ ಸುತ್ತಿ, ಎಳೆ ಕಿತ್ತು, ಬುಟ್ಟಿಗೆ ಹಾಕಿದಳು.

“ಬಲವಂತಾನಾ ಅಂತ ಆವತ್ತು ನಿನ್ನ ಕೇಳಿದ್ದು ಯಾರು?”

“ನೀನೇ ಅವ್ವ.”

“ನಿಮ್ಮಪ್ಪನ ಕೈಯಾಗೆ ಕೋಲಿತ್ತು. ನಾನು ಆ ಮಾತು ನಿನ್ನ ಬಾಯಿಗಿಟ್ಟೆ, ನೀನು ನುಂಗಿದೆ.” ಅವಳು ರಾಟೆಯನ್ನು ಪಕ್ಕಕ್ಕೆ ಸರಿಸಿದಳು. “ಒಂಬತ್ತು ವರ್ಷದ ಕೂಸು ಹೆದರಿ ಅಂದ್ರೆ ಅನ್ಲಿ. ಇಪ್ಪತ್ತು ವರ್ಷಕ್ಕೆ ಯಾಕೆ ಹೇಳ್ಲಿಲ್ಲ? ಮದುವೆಯಾಯ್ತು, ಮಗ ಹುಟ್ಟಿದ. ನಾನು ಇಲ್ಲೇ, ನಿನ್ನ ಕಣ್ಮುಂದೇನೇ ಕೂತಿದ್ನಲ್ಲೋ!”

ಪಾತಣ್ಣ ನೆಲದ ಮೇಲೆ ಬಿದ್ದಿದ್ದ ರೇಷ್ಮೆ ಎಳೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡ.

“ಆ ಹುಡುಗ, ಚೌರ. ಮದುವೆಗಿದುವೆ ಆಗವ್ನಾ?”

“ಗೊತ್ತಿಲ್ಲವ್ವ.”

“ಸ್ಕೂಲು ಮುಚ್ಚಿದ್ರಲ್ಲ, ಇನ್ನ ಎಲ್ಲಿಗೆ ಹೋಗ್ತಾನೆ?”

ಪಾತಣ್ಣ ಬೆಪ್ಪಾಗಿ ತಾಯಿಯ ಮುಖ ನೋಡಿದ. “ನಾನು... ಕೇಳ್ಲಿಲ್ಲ.”

“ಕೇಳ್ಲಿಲ್ಲ!” ತಿಪ್ಪಕ್ಕನ ದನಿ ಒಡೆಯಿತು. “ಗಂಜಿ ಕೇಳಿದೆ, ಕುಡಿದೆ, ಎದ್ದು ಬಂದೆ. ಅವತ್ತೂ ಅಷ್ಟೇ, ಮೊನ್ನೆನೂ ಅಷ್ಟೇ.”

ಪಾತಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಂಬದ ಬುಡದಲ್ಲಿಟ್ಟಿದ್ದ ಶಲ್ಯದ ಗಂಟನ್ನು ಕೂಡ ಬಿಚ್ಚದೆ ಹಾಗೇ ಹೊತ್ತು ತಂದಿದ್ದ.

“ಮಾರಣ್ಣ, ನಾಳೆ ಗಾಡಿ ಮಾಡ್ಕೊಂಡು ನೀನು ಹೋಗು,” ಎಂದಳು ತಿಪ್ಪಕ್ಕ. “ಅವನು ಎಲ್ಲವ್ನೆ, ಏನು ಬೇಕು, ಕೇಳ್ಕೊಂಡು ಬಾ. ನಿಮ್ಮಪ್ಪ ಪಂಚಾಯ್ತಿಗೆ ಹೋಗ್ತಾನೆ. ಚಹಾ ಕುಡಿದ ಹುಡುಗನ ನಾಲಿಗೆ ಸುಡಿಸಿದನಲ್ಲ, ಮೊದ್ಲು ಅವನ ಮನೆ ಬಾಗಿಲಿಗೆ ಹೋಗಿ, ಆಮ್ಯಾಲೆ ಪಂಚಾಯ್ತಿ ಕಟ್ಟೆ ಹತ್ಲಿ. ಹೊರಗೆ ಹಾಕಿದ್ರೆ ಹಾಕ್ಲಿ, ಮಗ್ಗ ಬಿಚ್ಚೋದು ನನಗೇನು ಹೊಸದಲ್ಲ. ಈಶ್ವರೀ, ಮುದ್ದೆ ಆಗೈತಾ?”

“ಆಗೈತೆ ಅತ್ತೆ,” ಎಂದಳು ಈಶ್ವರಮ್ಮ. “ಹುರುಳಿ ಸಾರು ಐತೆ.”

“ಬಡಿಸು.”

ಮೂವತ್ತು ವರ್ಷದಲ್ಲಿ ಮೊದಲ ಸಲ ತಿಪ್ಪಕ್ಕ ಸೋಮವಾರ ನಡುಹೊತ್ತಿನಲ್ಲಿ ಊಟಕ್ಕೆ ಕೂತಳು. ಮೊದಲು ಒಂದು ಚೊಂಬು ನೀರು ಕುಡಿದಳು, ಗಟಗಟನೆ, ಗಲ್ಲದ ಮೇಲೆಲ್ಲ ಹರಿಸಿಕೊಂಡು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಯಾರ ಕಡೆಯೂ ನೋಡಲಿಲ್ಲ. ಅವಳು ತಿನ್ನುವುದನ್ನು ನೋಡಿ ಪಾತಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವ್ವ ಬದುಕಿದಳು, ಅಷ್ಟು ಸಾಕು. ಅವನೂ ಕೈ ತೊಳೆದು ಬಂದು ಪಕ್ಕದಲ್ಲಿ ಕೂತ. ಈಶ್ವರಮ್ಮ ಗಂಡನಿಗೂ ತಟ್ಟೆ ಇಟ್ಟು ಮುದ್ದೆ ಹಾಕಿದಳು.

ತಿಪ್ಪಕ್ಕ ಎಡಗೈಯಿಂದ ಆ ತಟ್ಟೆಯನ್ನು ಸೊಸೆಯ ಕಡೆಗೆ ಸರಿಸಿದಳು.

“ಇವನಿಗೆ ಬ್ಯಾಡ,” ಎಂದಳು. “ಇವತ್ತು ಸೋಮವಾರ.”

ಪಾತಣ್ಣ ಒಂದು ಕ್ಷಣ ತಾಯಿಯ ಮುಖ ನೋಡಿ, ತಲೆ ತಗ್ಗಿಸಿ, ಎದ್ದು ಮಗ್ಗಕ್ಕೆ ಹೋದ. ಗುಂಡಿಯಲ್ಲಿ ಕಾಲಿಟ್ಟು ಕೂತು, ಬುಟ್ಟಿಯಿಂದ ಬೆಳಗಿನ ಕಂಡಿಕೆ ತೆಗೆದು ಲಾಳಿಗೆ ಹಾಕಿದ. ನಾಲ್ಕನೇ ಸಲಕ್ಕೆ ಎಳೆ ಕಿತ್ತಿತು. ಗಂಟು ಹಾಕಿ ಮತ್ತೆ ಲಾಳಿ ಎಸೆದ. ಬಾಯಿ ಆಗಲೇ ಒಣಗತೊಡಗಿತ್ತು, ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿತ್ತು.